ಸದ್ದಿನ ಜಾಡು ಹಿಡಿಯುವ ಡಬ್ಬಿ

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲಬುಡದಲ್ಲಿ ಬಣ್ಣಬಣ್ಣದ ಲೋಹದ ಡಬ್ಬಿಗಳಿರುತ್ತವೆ. ಕಾಲಲ್ಲಿ ಒತ್ತಿದರೆ ತಂತಿಯ ನಾದ ಒರಟಾಗುತ್ತದೆ, ಮಾರ್ದನಿಸುತ್ತದೆ, ತೂಗಾಡುತ್ತದೆ. ಇವೇ ಎಫೆಕ್ಟ್ ಪೆಡಲ್‌ಗಳು. ಅವುಗಳಲ್ಲೊಂದು ಕಛೇರಿಯ ನಡುವೆ ಮೂಕವಾದರೆ? ರಿಪೇರಿಯ ಹುಚ್ಚಿರುವವರು ಅದಕ್ಕೆಂದೇ ಇನ್ನೊಂದು ಡಬ್ಬಿಯನ್ನು ಕೈಯಾರೆ ಮಾಡಿಟ್ಟುಕೊಂಡಿರುತ್ತಾರೆ. ಬೇಕಾದ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಒಂದೆರಡು ಅಂಗಡಿಗಳಲ್ಲೇ ಸಿಕ್ಕಿಬಿಡುತ್ತದೆ.

ಎರಡು ಜ್ಯಾಕ್, ಒಂದು 9 ವೋಲ್ಟ್ ಬ್ಯಾಟರಿ, ಒಂದು ಟಾಗಲ್ ಸ್ವಿಚ್, ತುದಿಗೆ ಕ್ಲಿಪ್ ಕಚ್ಚಿಸಿದ ನಾಲ್ಕು ವೈರು. ಇನ್‌ಪುಟ್, ಔಟ್‌ಪುಟ್, ಕರೆಂಟು, ಗ್ರೌಂಡ್: ಈ ನಾಲ್ಕನ್ನು ಬಿಚ್ಚಿಟ್ಟ ಸರ್ಕ್ಯೂಟ್ ಬೋರ್ಡಿಗೆ ಸಿಕ್ಕಿಸಿದರೆ ಪೆಡಲ್ ತನ್ನ ಕವಚವಿಲ್ಲದೆಯೇ ಕೆಲಸ ಮಾಡತೊಡಗುತ್ತದೆ. ಡಬ್ಬಿಯ ಕಥೆ ಇಷ್ಟೇ. ನನ್ನನ್ನು ಸೆಳೆದದ್ದು ಅದರಿಂದ ಹೊರಟ ಐದನೆಯ ವೈರು.

ಅದಕ್ಕೆ ಪ್ರೋಬ್ ಎನ್ನುತ್ತಾರೆ. ರೀಫಿಲ್ ತೆಗೆದ ಬಾಲ್ ಪೆನ್ನಿನೊಳಗೆ ಒಂದು ದಪ್ಪ ಸೂಜಿ, ಅದರ ಹಿಂದೆ 0.1 ಮೈಕ್ರೋಫ್ಯಾರಡ್‌ನ ಒಂದು ಕೆಪ್ಯಾಸಿಟರ್. ಟಾಗಲ್ ಸ್ವಿಚ್ಚನ್ನು ಅತ್ತ ಹಾಕಿದರೆ ಆಂಪ್ಲಿಫೈಯರ್‌ಗೆ ಪೆಡಲಿನ ಔಟ್‌ಪುಟ್ ಹೋಗುತ್ತದೆ. ಇತ್ತ ಹಾಕಿದರೆ ಸೂಜಿ ಮುಟ್ಟಿದ ಜಾಗದ ಸದ್ದು. ಕೆಪ್ಯಾಸಿಟರ್ ಬ್ಯಾಟರಿಯ ನೇರ ವೋಲ್ಟೇಜನ್ನು ತಡೆದು ಸಂಗೀತವನ್ನಷ್ಟೇ ಒಳಬಿಡುತ್ತದೆ.

ಇನ್‌ಪುಟ್‌ಗೆ ಮೊಬೈಲಿನಿಂದ ಯಾವುದಾದರೂ ಹಾಡು ಹಾಕಿ, ಸೂಜಿ ಹಿಡಿದು ಹೊರಡಬೇಕು. ಮೊದಲ ಕೆಪ್ಯಾಸಿಟರ್ ದಾಟಿದ ಮೇಲೆ ಹಾಡು ಕೇಳುತ್ತದೆ. ಟ್ರಾನ್ಸಿಸ್ಟರಿನ ಬೇಸ್ ಮುಟ್ಟಿದರೆ ಮೆಲ್ಲಗೆ, ಕಲೆಕ್ಟರ್ ಮುಟ್ಟಿದರೆ ಜೋರಾಗಿ. ಮುಂದಿನ ಕೆಪ್ಯಾಸಿಟರಿನ ಈ ಕಾಲಲ್ಲಿ ಹಾಡಿದೆ, ಆ ಕಾಲಲ್ಲಿ ಇಲ್ಲ. ಕಳ್ಳ ಸಿಕ್ಕ! ಒಮ್ಮೊಮ್ಮೆ ಭಾಗ ಸತ್ತಿರುವುದೇ ಇಲ್ಲ. ಬೆಸುಗೆ ಸರಿಯಾಗಿ ಹಿಡಿಯದೆ ಡ್ರೈ ಸೋಲ್ಡರ್ ಆಗಿರುತ್ತದೆ. ಅಲ್ಲೊಂದು ಸಲ ಕಾದ ಸೋಲ್ಡರಿಂಗ್ ಐರನ್ ಮುಟ್ಟಿಸಿದರೆ ಪೆಡಲ್ ಬದುಕುತ್ತದೆ. ಮಲ್ಟಿಮೀಟರ್ ವೋಲ್ಟೇಜು ಹೇಳೀತು, ಹಾಡು ಎಲ್ಲಿ ನಿಂತಿತೆಂದು ಹೇಳಲಾರದು. ಇಲ್ಲಿ ಓದಿಗಿಂತ ಕಿವಿ ದೊಡ್ಡದು. ಒಂದು ಎಚ್ಚರಿಕೆ: ಇದು 9 ವೋಲ್ಟಿನ ಆಟ. ನೂರಾರು ವೋಲ್ಟ್ ಹರಿಯುವ ವಾಲ್ವ್ ಆಂಪ್ಲಿಫೈಯರಿನೊಳಗೆ ಈ ಸೂಜಿ ಹಾಕುವುದು ಜೀವಕ್ಕೇ ಅಪಾಯ.

ತಮಾಷೆಯೆಂದರೆ, ನಾದವನ್ನು ಒರಟಾಗಿಸುವ ಫಜ್ ಪೆಡಲ್‌ಗಳ ವಂಶಾವಳಿ ಶುರುವಾಗುವುದೇ ಒಂದು ರಿಪೇರಿಯಾಗದ ದೋಷದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣದ ವೇಳೆ ಮಿಕ್ಸಿಂಗ್ ಕನ್ಸೋಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಸೋಲೋ ಗೊರಗೊರ ಎಂದಿತು. ಅದನ್ನು ಹಾಗೆಯೇ ಉಳಿಸಿಕೊಂಡರು; 1961ರಲ್ಲಿ ಹಾಡು ಗೆದ್ದಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಗೊರಗೊರವನ್ನೇ ಟ್ರಾನ್ಸಿಸ್ಟರುಗಳಿಂದ ಹೊರಡಿಸಿದರು. ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮೇಸ್ಟ್ರೋ ಫಜ್-ಟೋನ್ ಎಂಬ ಪೆಡಲಾಗಿ ಮಾರುಕಟ್ಟೆಗೆ ತಂದಿತು.

ಅದೇ ದಶಕದಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ರೇಡಿಯೊಗಳಿಗೆಂದು ಹುಟ್ಟಿದ ಅದರ ಎಸಿ128ಗಳನ್ನು ಫಜ್ ಪೆಡಲ್ ಕಟ್ಟುವವರು ಇಂದಿಗೂ ಹುಡುಕುತ್ತಾರೆ. ಇಂಥ ಪಿಎನ್‌ಪಿ ಟ್ರಾನ್ಸಿಸ್ಟರಿನ ಹಳೇ ಪೆಡಲ್‌ಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಗ್ರೌಂಡ್ ಆಗಿರುವುದುಂಟು. ಮನೆಯ ಡಬ್ಬಿಗೆ ಅದು ಲೆಕ್ಕಕ್ಕಿಲ್ಲ. ಅದರೊಳಗಿನ ಬ್ಯಾಟರಿಯ ಎರಡು ತುದಿಗಳನ್ನು ಅದಲುಬದಲು ಮಾಡಿದರಾಯಿತು.

ಆದರೆ ಈಗಿನ ಎಷ್ಟೋ ಪೆಡಲ್‌ಗಳಲ್ಲಿ ಬಿಡಿಭಾಗಗಳು ಸಾಸಿವೆಯಷ್ಟು. ಸೂಜಿಯ ಮೊನೆ ಒಂದನ್ನು ಮುಟ್ಟಲು ಹೋಗಿ ಎರಡನ್ನು ತಾಗಿಸುತ್ತದೆ. ಡಿಜಿಟಲ್ ಪೆಡಲ್‌ಗಳ ಮಾತೇ ಬೇರೆ: ಚಿಪ್ಪಿನ ಒಳಹೊಕ್ಕ ಹಾಡು ಬರೀ ಅಂಕಿಗಳಾಗಿರುತ್ತದೆ, ನಡುವೆ ಕಿವಿಗೊಡಲು ಏನೂ ಉಳಿದಿರುವುದಿಲ್ಲ. ಕೆಟ್ಟರೆ ಬೋರ್ಡನ್ನೇ ಬದಲಿಸಿ ಎಂಬ ಉತ್ತರ ಸಿದ್ಧವಿರುತ್ತದೆ.

ಕೆಲವು ನೂರು ರೂಪಾಯಿಯ ಸಾಮಾನು, ಒಂದು ಭಾನುವಾರದ ಬಿಡುವು. ಗಿಟಾರ್ ಕಲಿಸುವಲ್ಲೆಲ್ಲ ಈ ಡಬ್ಬಿಯನ್ನೂ ಮಾಡಿಸಬಾರದೇಕೆ? ಹಳೆಯ ಪೆಡಲ್‌ಗಳು ಇರುವಷ್ಟು ದಿನ ಈ ವಿದ್ಯೆಗೆ ಕೆಲಸವಿದೆ. ಹೇಳಿಕೊಡುವವರೂ ಅಷ್ಟು ದಿನ ಇದ್ದಾರೆಯೇ ಎಂಬುದೊಂದೇ ಪ್ರಶ್ನೆ.