ವ್ಯಾಪಾರಕ್ಕಾಗಿ ಊರೂರು ತಿರುಗುವ ಶ್ರಾವಕರಿಗೆ: ಸೂರ್ಯಾಸ್ತದ ಲೆಕ್ಕ, ಬುತ್ತಿ ಮತ್ತು ಊಟದ ವ್ಯವಸ್ಥೆ

ಮನೆಯಲ್ಲಿದ್ದಾಗ ರಾತ್ರಿ ಭೋಜನ ತ್ಯಾಗ ಕಷ್ಟವೇನಲ್ಲ. ಐದೂವರೆಗೆ ಮನೆಯವರೇ ಕರೆದು ಬಡಿಸುತ್ತಾರೆ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ಬಸ್ಸು, ರೈಲು, ವಿಮಾನದಲ್ಲೇ ಕಳೆಯುವವರ ಪಾಡು ಬೇರೆ. ಪ್ರವಾಸ ಹೆಚ್ಚಿದ ಮೇಲೆ ನಿಯಮ ಬಿಟ್ಟವರೂ ಇದ್ದಾರೆ, ನಿಯಮಕ್ಕಾಗಿ ಹಸಿದು ಆರೋಗ್ಯ ಕೆಡಿಸಿಕೊಂಡವರೂ ಇದ್ದಾರೆ. ಹೊರಡುವ ಮುನ್ನ ಸ್ವಲ್ಪ ಲೆಕ್ಕ ಹಾಕಿಕೊಂಡರೆ ಎರಡೂ ಬೇಕಾಗುವುದಿಲ್ಲ.

ಮೊದಲನೆಯದು ಸೂರ್ಯಾಸ್ತದ ಲೆಕ್ಕ. ನಮ್ಮ ದೇಶಕ್ಕೆಲ್ಲ ಗಡಿಯಾರ ಒಂದೇ, ಆದರೆ ಸೂರ್ಯ ಒಂದೇ ಹೊತ್ತಿಗೆ ಮುಳುಗುವುದಿಲ್ಲ. ಪೂರ್ವಕ್ಕೆ ಒಂದು ರೇಖಾಂಶ ಹೋದರೆ ಸೂರ್ಯಾಸ್ತ ನಾಲ್ಕು ನಿಮಿಷ ಮುಂಚೆ ಬರುತ್ತದೆ. ಚಳಿಗಾಲದಲ್ಲಿ ಉತ್ತರಕ್ಕೆ ಹೋದಷ್ಟೂ ಹಗಲು ಇನ್ನೂ ಕಿರಿದಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ಸುಮಾರು 6 ಗಂಟೆಗೆ, ಮುಂಬಯಿಯಲ್ಲಿ 6 ದಾಟಿದ ಮೇಲೆ. ದೆಹಲಿಯಲ್ಲಿ 5.30ರ ಸುಮಾರಿಗೆ, ಕೋಲ್ಕತ್ತದಲ್ಲಿ 5ಕ್ಕೆ ಮೊದಲೇ, ಗುವಾಹಟಿಯಲ್ಲಿ 4.35ರ ಹೊತ್ತಿಗೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಶ್ರಾವಕರು ಗುವಾಹಟಿಯಲ್ಲಿ 3.45ಕ್ಕೇ ಕೈ ತೊಳೆಯಬೇಕು. ಬೆಂಗಳೂರಿನ ಅಭ್ಯಾಸದಲ್ಲಿ ಐದಕ್ಕೆ ತಿಂದರಾಯಿತು ಎಂದು ಕುಳಿತವರಿಗೆ ಅಲ್ಲಿ ಆಗಲೇ ಕತ್ತಲು.

ಹೊರದೇಶದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ 4ಕ್ಕೆ ಮುಂಚೆಯೇ ಸೂರ್ಯಾಸ್ತ, ಜೂನ್‌ನಲ್ಲಿ ರಾತ್ರಿ 9 ದಾಟಿದ ಮೇಲೆ. ಆದ್ದರಿಂದ ಟಿಕೆಟ್ ತೆಗೆಸುವಾಗಲೇ ಆ ಊರಿನ ಆ ದಿನದ ಸೂರ್ಯೋದಯ, ಸೂರ್ಯಾಸ್ತ ನೋಡಿ ಬರೆದಿಟ್ಟುಕೊಳ್ಳಿ. ಮೊಬೈಲಿನ ಹವಾಮಾನ ಆ್ಯಪ್‌ನಲ್ಲೇ ಸಿಗುತ್ತದೆ. ಪಶ್ಚಿಮಕ್ಕೆ ಹಾರುವಾಗ ಕಿಟಕಿಯಾಚೆ ಸೂರ್ಯ ಗಂಟೆಗಟ್ಟಲೆ ಮುಳುಗದೇ ಇರುವುದುಂಟು. ಆಗ ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಹೊರಟ ಊರಿನ ಸಂಜೆಗೇ ಆ ದಿನದ ಆಹಾರ ಮುಗಿಸಿ, ಇಳಿದ ಊರಿನ ಸೂರ್ಯೋದಯದ ನಂತರ ಆರಂಭಿಸುವುದು ಗೊಂದಲವಿಲ್ಲದ ದಾರಿ ಎಂಬುದು ನನ್ನ ಅಭಿಪ್ರಾಯ. ನಿಮಗೆ ನಿಯಮ ಕೊಟ್ಟ ಗುರುಗಳನ್ನು ಒಮ್ಮೆ ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು.

ವಿಮಾನದಲ್ಲಿ ಜೈನ ಊಟಕ್ಕೆ ಪ್ರತ್ಯೇಕ ಸಂಕೇತವಿದೆ: ವಿ.ಜೆ.ಎಂ.ಎಲ್. ಟಿಕೆಟ್ ತೆಗೆಸುವಾಗ, ತಪ್ಪಿದರೆ ಕನಿಷ್ಠ ಎರಡು ದಿನ ಮೊದಲು ಇದನ್ನೇ ಹೆಸರಿಸಿ ಕೇಳಿ. ಎ.ವಿ.ಎಂ.ಎಲ್. ಎಂಬುದು ಭಾರತೀಯ ಶೈಲಿಯ ಸಸ್ಯಾಹಾರ, ಅದರಲ್ಲಿ ಈರುಳ್ಳಿ, ಆಲೂಗಡ್ಡೆ ಇರಬಹುದು. ಆದರೆ ಊಟ ಕೈಗೆ ಬರುವ ಹೊತ್ತು ನಿಮ್ಮ ಕೈಯಲ್ಲಿಲ್ಲ. ಸಂಜೆ ಆರಕ್ಕೆ ಹೊರಡುವ ವಿಮಾನದಲ್ಲಿ ಎಂತಹ ಜೈನ ಊಟವೂ ರಾತ್ರಿ ಊಟವೇ. ರೈಲಿನ ಮಾತೂ ಅದೇ. ಪಿ.ಎನ್.ಆರ್. ಕೊಟ್ಟು ಇ-ಕೇಟರಿಂಗ್‌ನಲ್ಲಿ ಜೈನ ಊಟ ತರಿಸಬಹುದು, ಆದರೆ ಹಗಲಲ್ಲಿ ಬರುವ ನಿಲ್ದಾಣವನ್ನೇ ಆರಿಸಿ, ರೈಲು ತಡವಾದರೆ ಇರಲೆಂದು ಬುತ್ತಿಯನ್ನೂ ಕಟ್ಟಿಕೊಳ್ಳಿ.

ಬುತ್ತಿಯ ವಿಷಯದಲ್ಲಿ ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದಷ್ಟು ನಮಗೆ ಗೊತ್ತಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆಯ ಕಟಕ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹುರಿದ ಅವಲಕ್ಕಿ, ಬೆಲ್ಲ. ಹೋಟೆಲಿನ ಕೋಣೆಯಲ್ಲಿ ಬಿಸಿನೀರಿದ್ದರೆ ಹುರಿಹಿಟ್ಟೂ ಸಾಕು. ದಿಗಂಬರ ಪದ್ಧತಿಯಲ್ಲಿ ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ. ಪ್ರವಾಸದ ದಿನಗಳನ್ನು ಇದಕ್ಕೆ ಹೊಂದಿಸಿ ಕಟ್ಟಿ. ಸೋಸಿದ ನೀರಿಗೆ 48 ನಿಮಿಷವಾದರೆ ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ, ಹಾಗಾಗಿ ಪ್ರವಾಸಕ್ಕೆ ಕುದಿಸಿದ ನೀರೇ ಸರಿ. ಸಣ್ಣ ವಿದ್ಯುತ್ ಕೆಟಲ್ ಒಂದು ಚೀಲದಲ್ಲಿರಲಿ.

ವಿಮಾನಕ್ಕೆ ಬುತ್ತಿ ಕಟ್ಟುವಾಗ ಎರಡು ಎಚ್ಚರಿಕೆ. ಒಣ ಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಬೆಂಕಿ ಹತ್ತುತ್ತದೆಂದು ಅದನ್ನು ತಡೆಯುತ್ತಾರೆ. ಇನ್ನೊಂದು ಗಸಗಸೆ. ದುಬೈ ಸೇರಿದಂತೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ ಮಾದಕ ವಸ್ತುಗಳ ಪಟ್ಟಿಯಲ್ಲಿದೆ, ಜೈಲೂ ಆಗಬಹುದು. ಮನೆಯವರು ಪ್ರೀತಿಯಿಂದ ಮಾಡಿಕೊಟ್ಟ ಉಂಡೆ, ಮಸಾಲೆಪುಡಿಯಲ್ಲಿ ಗಸಗಸೆ ಇದೆಯೇ ಎಂದು ಕೇಳಿಕೊಂಡೇ ಪೆಟ್ಟಿಗೆಗೆ ಹಾಕಿ.

ಹೋಟೆಲಿನಲ್ಲಿ ‘ಈರುಳ್ಳಿ, ಬೆಳ್ಳುಳ್ಳಿ ಬೇಡ’ ಎಂದರೆ ಸಾಲದು. ಗ್ರೇವಿ ಬೆಳಿಗ್ಗೆಯೇ ಈರುಳ್ಳಿ ಹಾಕಿ ಮಾಡಿಟ್ಟಿರುತ್ತಾರೆ, ಮಾಣಿ ಮೇಲಿನ ಈರುಳ್ಳಿ ತೆಗೆದು ಅದನ್ನೇ ತರುತ್ತಾನೆ. ಗ್ರೇವಿ ಬೇಕಿಲ್ಲದ್ದನ್ನೇ ಕೇಳಿ: ಸಾದಾ ತೊವ್ವೆ, ಜೀರಿಗೆ ಅನ್ನ, ಚಪಾತಿ, ಹಣ್ಣು. ಇಡ್ಲಿ ಸರಿ, ಸಾಂಬಾರು ಅಲ್ಲ. ದ್ವಿದಳ ಬಿಟ್ಟವರು ಮೊಸರನ್ನಕ್ಕೂ ಕಡಲೆಬೇಳೆ, ಉದ್ದಿನಬೇಳೆ ಒಗ್ಗರಣೆ ಬೇಡವೆಂದು ಮೊದಲೇ ಹೇಳಬೇಕು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರಕ್ಕೆ ಮಾತ್ರ ಸಾಕ್ಷಿ, ಕಂದಮೂಲ ಇಲ್ಲವೆಂಬುದಕ್ಕಲ್ಲ. ವಿದೇಶದ ಪೊಟ್ಟಣಗಳಲ್ಲಿ ಇ-120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ, ಇ-904 ಎಂದರೆ ಅರಗಿನ ಹುಳುವಿನಿಂದ ಬಂದ ಲೇಪ.

ವ್ಯಾಪಾರದಲ್ಲಿ ನಿಜವಾದ ಇಕ್ಕಟ್ಟು ರಾತ್ರಿಯ ಔತಣ. ಗಿರಾಕಿಗೆ ಬೇಸರವಾದೀತೆಂದು ಹಲವರು ಇಲ್ಲೇ ಸಡಿಲಾಗುತ್ತಾರೆ. ಭೇಟಿ ನಿಗದಿಯಾಗುವಾಗಲೇ ‘ಮಧ್ಯಾಹ್ನದ ಊಟಕ್ಕೆ ಸೇರೋಣ, ನಾನು ಸಂಜೆ ನಂತರ ಉಣ್ಣುವುದಿಲ್ಲ’ ಎಂದು ಹೇಳಿಬಿಡಿ. ಔತಣ ತಪ್ಪದಿದ್ದರೆ ಮೊದಲೇ ಉಂಡು ಹೋಗಿ ಜೊತೆಗೆ ಕುಳಿತುಕೊಳ್ಳಿ. ಕೊನೆ ಗಳಿಗೆಯಲ್ಲಿ ತಟ್ಟೆ ಮುಂದೆ ಕುಳಿತು ಬೇಡವೆಂದರೆ ಕರೆದವರಿಗೆ ಮುಜುಗರ, ಮೊದಲೇ ಹೇಳಿದರೆ ಯಾರಿಗೂ ಇಲ್ಲ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಿಸುವ ಮುನ್ನ ವೈದ್ಯರಿಂದ ಔಷಧದ ಸಮಯವನ್ನೂ ಬದಲಿಸಿಕೊಳ್ಳಬೇಕು. ನಡುರಾತ್ರಿ ಸಕ್ಕರೆ ಇಳಿದರೆ ಪರಊರಿನಲ್ಲಿ ಎಬ್ಬಿಸುವವರೂ ಇರುವುದಿಲ್ಲ. ನಿಯಮ ಸ್ವೀಕರಿಸುವಾಗಲೇ ನಾಲ್ಕು ವಿಧದ ಆಹಾರವನ್ನೂ ಬಿಡುತ್ತೀರೋ, ನೀರು ಮತ್ತು ಔಷಧಕ್ಕೆ ಅವಕಾಶ ಇಟ್ಟುಕೊಳ್ಳುತ್ತೀರೋ ಎಂಬುದನ್ನು ಗುರುಗಳ ಎದುರು ಸ್ಪಷ್ಟವಾಗಿ ಹೇಳಿ ತೆಗೆದುಕೊಳ್ಳಿ.