ತಗ್ಗಾದ ಮೋಟಾರನ್ನು ಎತ್ತುವ ಬಗೆ

ಬೈಕುಲ್ಲಾದ ಗ್ಯಾರೇಜಿನಲ್ಲಿ ಸಾವಿರ ಕಿಲೋ ತೂಕದ ಮೋಟಾರು ಆಳೆತ್ತರಕ್ಕೇರಿ ನಿಂತಿರುವುದನ್ನು ನೀವು ಕಂಡಿರಬಹುದು. ಅದನ್ನು ಎತ್ತುವ ಬಲ ಯಾವುದು? ಅದರಡಿಯಲ್ಲಿ ದುಡಿಯುವವನ ಪ್ರಾಣವನ್ನು ಕಾಯುವುದು ಯಾವುದು? ಇವೆರಡೂ ಬೇರೆ ಬೇರೆ.

ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ತೋರಿಸಿದನು. ಈ ತತ್ತ್ವವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. 1 ಚದರ ಸೆಂಟಿಮೀಟರಿನ ಪಿಸ್ಟನ್ನನ್ನು 20 ಕಿಲೋ ಭಾರದಿಂದ ಒತ್ತಿದರೆ, 50 ಚದರ ಸೆಂಟಿಮೀಟರಿನ ಪಿಸ್ಟನ್ನು 1000 ಕಿಲೋ ಎತ್ತಬಲ್ಲದು. ಆದರೆ ದೊಡ್ಡದು 1 ಸೆಂಟಿಮೀಟರು ಏರಬೇಕಾದರೆ ಚಿಕ್ಕದು 50 ಸೆಂಟಿಮೀಟರು ಚಲಿಸಬೇಕು.

ಸ್ಪೋರ್ಟ್ಸ್ ಕಾರಿನ ತಳ ನೆಲದಿಂದ ನಾಲ್ಕೈದು ಅಂಗುಲವಷ್ಟೇ ಮೇಲಿರುವುದುಂಟು. ಲಿಫ್ಟಿನ ತೋಳುಗಳು ಅಡಿಗೆ ನುಸುಳಲಾರವು. ಆದುದರಿಂದ ಮೊದಲು ಚಕ್ರಗಳನ್ನು ಗಟ್ಟಿಯಾದ ಹಲಗೆಗಳ ಮೇಲೆ ಹತ್ತಿಸಬೇಕು. ತೋಳುಗಳ ತುದಿಯನ್ನು, ತಯಾರಕರು ಗೊತ್ತುಮಾಡಿದ ಬಲವಾದ ಜಾಗಗಳಿಗೇ ಕೊಡಬೇಕು. ತೆಳು ತಗಡಿಗೆ ಕೊಟ್ಟರೆ ಅದು ನುಗ್ಗಾಗುತ್ತದೆ. ಇಂಜಿನು ಹಿಂದಿದ್ದರೆ ಭಾರವೂ ಹಿಂದೆಯೇ ಎಂಬುದನ್ನು ಮರೆಯಬಾರದು. ಚಕ್ರಗಳು ನೆಲ ಬಿಟ್ಟೊಡನೆ ನಿಲ್ಲಿಸಿ, ಮೆಲ್ಲನೆ ಅಲುಗಿಸಿ ಪರೀಕ್ಷಿಸಬೇಕು. ಸ್ಥಿರವಾಗಿದ್ದರೆ ಮಾತ್ರ ಮುಂದಕ್ಕೆ ಎತ್ತಬೇಕು.

ಎಣ್ಣೆ ಸೋರಬಹುದು, ರಬ್ಬರಿನ ಬಳೆ ಸವೆಯಬಹುದು. ಆಗ ಒತ್ತಡ ಕುಸಿದು ಮೋಟಾರು ಕೆಳಗಿಳಿಯುತ್ತದೆ. ಅದಕ್ಕಾಗಿಯೇ ಲಿಫ್ಟಿಗೆ ಕಬ್ಬಿಣದ ಅಗುಳಿಗಳಿರುತ್ತವೆ. ಎತ್ತಿದ ಮೋಟಾರನ್ನು ತುಸು ಇಳಿಸಿ, ಅದರ ಭಾರವೆಲ್ಲ ಅಗುಳಿಗಳ ಮೇಲೆ ಕೂರುವಂತೆ ಮಾಡಬೇಕು. ಬರಿಯ ಜಾಕಿನಿಂದ ಎತ್ತಿದಾಗ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಡದೆ ಯಾರೂ ಅಡಿಗೆ ಹೋಗಲಾಗದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರ ಅಣ್ಣಂದಿರು ಇದೇ ಕಸುಬಿನವರಾಗಿರಬಹುದು. ನಾಳೆ ನೀವೂ ಕೈಹಾಕಬಹುದು. ಎತ್ತುವುದು ಎಣ್ಣೆಯ ಕೆಲಸ, ಹೊರುವುದು ಕಬ್ಬಿಣದ ಕೆಲಸ. ಇದನ್ನು ನೆನಪಿನಲ್ಲಿಡಿರಿ.