ಕೌದಿಯೊಳಗಿನ ತೋಳು

ಗೋಕಾಕದ ಜಲಪಾತದ ನೀರು 1887ರಲ್ಲಿ ನೂಲಿನ ಗಿರಣಿಯನ್ನು ತಿರುಗಿಸತೊಡಗಿತು. ಆ ನೂಲಿನ ಸೀಮೆಯಲ್ಲಿ ಬೆಳೆದ ನಾನು, ಹದಿನಾಲ್ಕನೆಯ ವಯಸ್ಸಿನಲ್ಲಿ ಅವ್ವನ ಗುಳೇದಗುಡ್ಡದ ಖಣವೊಂದನ್ನು ಕತ್ತರಿಗೆ ಬಲಿಕೊಟ್ಟೆ. ಕುಪ್ಪಸದ ಎರಡು ತೋಳುಗಳೂ ಬಲಗೈಗೇ ಹೊಂದುವಂತಾಗಿದ್ದವು! ಅಳುತ್ತ ಕುಳಿತವಳಿಗೆ ಆಯಿ ಅಂದಳು: “ಅರಿವಿ ಎಲ್ಲಿ ಹೋಗತೈತಿ ಹುಚ್ಚಿ? ತಾ, ಕೌದಿಗೆ ಹಚ್ಚೂಣು.”

ಇಂದು ಮೂಡಲಗಿ, ಹುಕ್ಕೇರಿಯ ಹುಡುಗಿಯರಿಗೆ ಹೊಲಿಗೆ ಕಲಿಸುವಾಗ ನಾನು ಮೊದಲು ಹಾಸಿ ತೋರಿಸುವುದು ಆ ಕೌದಿಯನ್ನೇ.

ಪಾಠ ಬಳಿಕ. ಯಂತ್ರಕ್ಕೆ ದಾರ ಪೋಣಿಸದೆ, ಗೆರೆಯೆಳೆದ ಕಾಗದದ ಮೇಲೆ ಬರಿಯ ಸೂಜಿಯನ್ನು ಓಡಿಸಬೇಕು. ಕಾಲಿನ ತುಳಿತವೂ ಕೈಯ ನಡೆಯೂ ಒಂದಾಗುವವರೆಗೆ. ಆಮೇಲೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಅಳತೆ. ಹಳೆಯ ಸೀರೆಯಲ್ಲಿ ಮೊದಲ ಕತ್ತರಿ. ತೋಳಿನ ಮೇಲಂಚು ಮುಂಭಾಗದಲ್ಲಿ ತುಸು ಹೆಚ್ಚು ಬಾಗಿರುತ್ತದೆ. ಆದುದರಿಂದ ಬಟ್ಟೆಯನ್ನು ಮಡಿಸಿ ತೋಳುಗಳನ್ನು ಜೋಡಿಯಾಗಿಯೇ ಕತ್ತರಿಸಬೇಕು. ಪಕ್ಕದ ಹೊಲಿಗೆಯೊಳಗೆ 1 ಇಂಚು ಬಟ್ಟೆ ಬಿಟ್ಟರೆ, ನಾಳೆ ಮೈ ತುಂಬಿಕೊಂಡಾಗ ಕುಪ್ಪಸವನ್ನೂ ಸಡಿಲಿಸಬಹುದು.

2023ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆ ದರ್ಜಿಯ ಕೆಲಸವನ್ನೂ ತನ್ನ 18 ಕಸುಬುಗಳಲ್ಲಿ ಎಣಿಸಿ, ಸಲಕರಣೆಗೆ 15,000 ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಿದೆ. ಯಂತ್ರವೇನೋ ಮನೆಗೆ ಬಂದೀತು. ಕತ್ತರಿ ಹಿಡಿಯುವ ಧೈರ್ಯವನ್ನು ಕಲಿಸುವವರೇ ಕೊಡಬೇಕು.

ಮೊನ್ನೆ ಹುಕ್ಕೇರಿಯಲ್ಲಿ ಹುಡುಗಿಯೊಬ್ಬಳು ಹೊಸ ಖಣದ ಮುಂದೆ ಕತ್ತರಿ ಹಿಡಿದು ಬಹಳ ಹೊತ್ತು ನಿಂತಳು. “ತಪ್ಪಿದರ ಹೆಂಗ್ರಿ, ಅಕ್ಕೋರ?” ಎಂದಳು. ನಾನು ಕೌದಿಯ ನಡುವಿನ ಆ ತೋಳನ್ನು ತೋರಿಸಿದೆ. ನಲವತ್ತು ಚಳಿಗಾಲ ನಮ್ಮ ಮೈ ಮುಚ್ಚಿದ ತುಂಡು ಅದು.

ಅವಳು ನಕ್ಕಳು. ಕತ್ತರಿ ನಡೆಯಿತು.